ಪ್ರವಾದಿ ತೀರಿಕೊಂಡ 48 ವರ್ಷಕ್ಕೇ ಕರ್ಬಲಾ: ಆ ಕಾಲದವರೇ ಈ ರಕ್ತಪಾತವನ್ನು ಹೇಗೆ ಕಂಡರು?

ರಾಯಚೂರು_ಬಿಸಿಲು

ನಮ್ಮದು ರಾಯಚೂರು ಕಡೆಯ ಹಳ್ಳಿ. ಪೀರ್ಲ ಹಬ್ಬ ಬಂತೆಂದರೆ ಅಲಾಯಿ ಕುಣಿ ತೋಡುವ ದಿನದಿಂದ ದೇವರು ಹೊಳೆಗೆ ಹೋಗುವ ದಿನದವರೆಗೆ ಮನೆಯಲ್ಲಿ ಬೇರೆ ಮಾತೇ ಇರುತ್ತಿರಲಿಲ್ಲ. ನಾವು ಮುಸ್ಲಿಮರಲ್ಲ. ಆದರೂ ನಮ್ಮಜ್ಜ ಮೊಹರಂ ಪದ ಹಾಡುತ್ತಿದ್ದರು. ಹುಸೇನರಿಗೆ ಕುಡಿಯಲು ನೀರೂ ಬಿಡದೆ ಕೊಂದ ಭಾಗ ಬಂದಾಗ ಅವರ ದನಿ ಒಡೆಯುತ್ತಿತ್ತು. ಆಗ ನನಗೆ ಅದು ಎಲ್ಲೋ ದೂರದ ರಾಜರ ಕಥೆ ಅನ್ನಿಸುತ್ತಿತ್ತು.

ಈಗ ಸರಿಯಾಗಿ ಇತಿಹಾಸ ಓದಲು ಕೂತಿದ್ದೇನೆ. ಪ್ರವಾದಿ ಮುಹಮ್ಮದ್ ತೀರಿಕೊಂಡದ್ದು 632ರಲ್ಲಿ, ಅವರ ಮಗಳ ಮಗ ಹುಸೇನರನ್ನು ಇರಾಕಿನ ಕರ್ಬಲಾದಲ್ಲಿ ಕೊಂದದ್ದು 680ರಲ್ಲಿ. ಅಂದರೆ ಮಗುವಾಗಿದ್ದಾಗ ಹುಸೇನರು ಅಜ್ಜನ ಹೆಗಲ ಮೇಲೆ ಕೂತದ್ದನ್ನು ಕಣ್ಣಾರೆ ನೋಡಿದ್ದವರು ಇನ್ನೂ ಬದುಕಿದ್ದರು. ಕೊಂದವರೂ ನಮಾಜ್ ಮಾಡುವವರೇ. ಹಿಂದೆ ಹೋದರೆ ಪ್ರವಾದಿಯ ನಂತರ ಮುಸ್ಲಿಮರನ್ನು ಆಳಿದ ಮೊದಲ ನಾಲ್ಕು ಖಲೀಫರಲ್ಲಿ ಮೂವರು, ಉಮರ್, ಉಸ್ಮಾನ್, ಅಲಿ, ಕೊಲೆಯಾಗಿಯೇ ಸತ್ತವರು.

ಇದರ ಬಗ್ಗೆ ಹುಡುಕಿದರೆ ಎರಡೇ ಥರದ ಬರಹ ಸಿಗುತ್ತವೆ. ಒಂದು ಕಡೆಯವರು ಅದು ಕತ್ತಿಯ ಧರ್ಮ, ಮುಗೀತು ಅನ್ನುತ್ತಾರೆ. ಇನ್ನೊಂದು ಕಡೆಯವರು ಅದು ಶಾಂತಿಯ ಧರ್ಮ, ಮುಗೀತು ಅನ್ನುತ್ತಾರೆ. ಎರಡೂ ಇವತ್ತಿನ ಜಗಳಕ್ಕೆ ಬರೆದದ್ದು. ನನಗೆ ಬೇಕಿರುವುದು ಬೇರೆ. ಆಗ ಬದುಕಿದ್ದ ಜನ ತಮ್ಮ ಕಣ್ಣೆದುರೇ ನಡೆದದ್ದನ್ನು ನೋಡಿ ಏನಂದುಕೊಂಡರು? ಯಾರಾದರೂ ಕತ್ತಿ ಕೆಳಗಿಟ್ಟು "ನಾನು ಬರಲ್ಲ" ಅಂದರಾ? ಗೊತ್ತಿರುವವರು ದಯವಿಟ್ಟು ಬಿಡಿಸಿ ಬರೆಯಿರಿ, ಉದ್ದ ಆದರೂ ಪರವಾಗಿಲ್ಲ.

ಅರಬ್ಬಿ_ಓದುಗ

ಅಂದವರು ಇದ್ದರು. ಒಬ್ಬಿಬ್ಬರಲ್ಲ, ತುಂಬಾ ಜನ, ಅದೂ ಬಹಳ ದೊಡ್ಡ ಹೆಸರಿನವರು.

ಮೊದಲು ಕರ್ಬಲಾ ಬಗ್ಗೆಯೇ ಒಂದು ಮಾತು. ಅದು ನಡೆದ ಮೇಲೆ ಇರಾಕಿನ ಒಬ್ಬ ಮನುಷ್ಯ ಅಬ್ದುಲ್ಲಾ ಇಬ್ನ್ ಉಮರ್ ಹತ್ತಿರ ಬರುತ್ತಾನೆ. ಇವರು ಎರಡನೇ ಖಲೀಫ ಉಮರ್ ಅವರ ಮಗ. ಹಜ್‌ಗೆ ಇಹ್ರಾಮ್, ಅಂದರೆ ಯಾತ್ರೆಯ ವ್ರತ, ತೊಟ್ಟವನು ನೊಣ ಕೊಂದರೆ ತಪ್ಪಾಗುತ್ತದಾ ಎಂದು ಕೇಳುತ್ತಾನೆ. ಇಬ್ನ್ ಉಮರ್ ಹೇಳಿದ್ದು ಇಷ್ಟೇ: ಇರಾಕಿನವರು ನೊಣದ ಬಗ್ಗೆ ಕೇಳುತ್ತಾರೆ, ಪ್ರವಾದಿಯ ಮಗಳ ಮಗನನ್ನು ಕೊಂದವರು ಇವರೇ. ಬುಖಾರಿಯ ಹದೀಸ್ ಸಂಗ್ರಹದಲ್ಲಿ, ಅಂದರೆ ಪ್ರವಾದಿ ಮತ್ತು ಅವರ ಸಂಗಡಿಗರ ನಡೆನುಡಿಗಳ ಸಂಗ್ರಹದಲ್ಲಿ, ಇದೆ. ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ, ಇಲ್ಲದಿದ್ದರೆ ಇದು ಅರ್ಥವಾಗುವುದಿಲ್ಲ. ಇಸ್ಲಾಮ್ ಬರುವ ಮುಂಚೆ ಆ ಮರುಭೂಮಿಯಲ್ಲಿ ದೊರೆ ಇಲ್ಲ, ಕೊತ್ವಾಲ ಇಲ್ಲ, ಜೈಲಿಲ್ಲ. ನಿನ್ನ ಜೀವಕ್ಕೆ ಕಾವಲು ಅಂದರೆ ನಿನ್ನ ಕುಲ. ನಿನ್ನನ್ನು ಯಾರಾದರೂ ಕೊಂದರೆ ನಿನ್ನ ಕುಲದವರು ಅವರಲ್ಲೊಬ್ಬನನ್ನು ಕೊಲ್ಲಬೇಕು. ಕೊಂದವನೇ ಸಿಗಬೇಕು ಅಂತಿಲ್ಲ, ಅವನ ಅಣ್ಣನೋ ದಾಯಾದಿಯೋ ಸಿಕ್ಕರೂ ಸಾಕು. ಸಾಮಾನ್ಯ ಕುಲದವನು ದೊಡ್ಡ ಕುಲದವನನ್ನು ಕೊಂದರೆ ಒಂದು ಜೀವಕ್ಕೆ ಎರಡು ಮೂರು ಜೀವ ಕೇಳುತ್ತಿದ್ದರು. ಒಂದು ಹೆಣ್ಣೊಂಟೆಗೆ ಬಾಣ ಬಿಟ್ಟದ್ದರಿಂದ ಶುರುವಾದ ಬಸೂಸ್ ಯುದ್ಧ 40 ವರ್ಷ ನಡೆಯಿತು ಎಂದು ಅರಬರೇ ಕಥೆ ಹೇಳುತ್ತಾರೆ. ಅಂಥವರಿಗೆ ಕುರ್‌ಆನ್ ಹೇಳಿದ್ದು, ಕೊಂದವನೊಬ್ಬನೇ ಹೊಣೆ, ಅವನ ಕುಲದವರಲ್ಲ, ಅವನನ್ನೂ ಸತ್ತವನ ಕಡೆಯವರು ಕ್ಷಮಿಸಿ ಪರಿಹಾರ ತೆಗೆದುಕೊಂಡರೆ ಇನ್ನೂ ಒಳ್ಳೆಯದು ಎಂದು. 632ರಲ್ಲಿ ಪ್ರವಾದಿ ಕೊನೆಯ ಹಜ್‌ನಲ್ಲಿ ಮಾತಾಡುತ್ತಾ ಹಳೆಯ ಕಾಲದ ರಕ್ತದ ಲೆಕ್ಕವೆಲ್ಲ ಇಲ್ಲಿಗೆ ಮುಗಿಯಿತು, ಮೊದಲು ನಮ್ಮ ಮನೆತನಕ್ಕೆ ಬರಬೇಕಾದ ಲೆಕ್ಕವನ್ನೇ ಬಿಡುತ್ತಿದ್ದೇನೆ ಅಂದರು. ಅವರ ದಾಯಾದಿ ರಬೀಆ ಅವರ ಮಗನ ಕೊಲೆಯ ಸೇಡು ಅದು.

ಹೇಳುವುದು ಸುಲಭ, ಅಲ್ವಾ. 12 ವರ್ಷಕ್ಕೆ ಪರೀಕ್ಷೆ ಬಂತು. 644ರಲ್ಲಿ ಖಲೀಫ ಉಮರ್ ಅವರನ್ನು ಅಬೂ ಲೂಲೂ ಎಂಬ ಪರ್ಶಿಯಾದ ಗುಲಾಮ ಮಸೀದಿಯಲ್ಲೇ ಇರಿದ. ಉಮರ್ ಅವರ ಇನ್ನೊಬ್ಬ ಮಗ ಉಬೈದುಲ್ಲಾ ಸಿಟ್ಟಿಗೆ ಕತ್ತಿ ಹಿಡಿದು ಹೋಗಿ ಹುರ್ಮುಝಾನ್ ಎಂಬ ಪರ್ಶಿಯಾದ ಸರದಾರನನ್ನೂ, ಜುಫೈನಾ ಎಂಬ ಕ್ರೈಸ್ತನನ್ನೂ, ಅಬೂ ಲೂಲೂವಿನ ಪುಟ್ಟ ಮಗಳನ್ನೂ ಕೊಂದ. ಹಳೆಯ ಸೇಡಿನ ಪದ್ಧತಿ ಹಾಗೇ ಎದ್ದು ಬಂತು. ಹೊಸ ಖಲೀಫ ಉಸ್ಮಾನ್ ಅವರ ಮುಂದೆ ಬಂದ ಮೊದಲ ದೊಡ್ಡ ಪ್ರಶ್ನೆಯೇ ಇದು. ಅಲಿ, ಇವನಿಗೆ ಮರಣದಂಡನೆ ಆಗಲೇಬೇಕು ಅಂದರು. ನಿನ್ನೆ ಅಪ್ಪ ಸತ್ತ, ಇವತ್ತು ಮಗನನ್ನು ಕೊಲ್ಲುವುದಾ ಎಂದು ಇನ್ನು ಕೆಲವರು ತಡೆದರು. ಉಸ್ಮಾನ್ ರಕ್ತಪರಿಹಾರ ಕೊಟ್ಟು ಬಿಟ್ಟುಬಿಟ್ಟರು. ಆ ಮಗುವಿನ ವಿಷಯದಲ್ಲಿ ನ್ಯಾಯ ಆಗಲಿಲ್ಲ ಅಂತಲೇ ನನಗೆ ಅನ್ನಿಸುತ್ತದೆ, ಅಲಿ ಅವರಿಗೂ ಹಾಗೇ ಅನ್ನಿಸಿತ್ತು.

ಮುಂದೆ 656. ಈಜಿಪ್ಟ್ ಹಾಗೂ ಇರಾಕಿನ ಕೂಫಾ, ಬಸ್ರಾ ಕಡೆಯಿಂದ ಬಂದ ಬಂಡುಕೋರರು ಉಸ್ಮಾನ್ ಅವರ ಮನೆಗೆ ಮುತ್ತಿಗೆ ಹಾಕಿದರು. ಕಾಯಲು ಬಂದವರಿಗೆ ಆಯುಧ ಕೆಳಗಿಡಿ, ನನಗೋಸ್ಕರ ರಕ್ತ ಹರಿಯುವುದು ಬೇಡ ಅಂದರು ಉಸ್ಮಾನ್. ಅವರನ್ನು ಮನೆಯೊಳಗೇ ಕೊಂದರು. ಅಲ್ಲಿಂದ ಶುರುವಾದದ್ದನ್ನು ಅರಬ್ಬಿಯಲ್ಲಿ ಫಿತ್ನಾ ಅನ್ನುತ್ತಾರೆ, ಮನೆಯೊಳಗಿನ ಜಗಳ. ಅದೇ ವರ್ಷ ಬಸ್ರಾ ಹತ್ತಿರ ಒಂಟೆ ಯುದ್ಧ, ಒಂದು ಕಡೆ ಹೊಸ ಖಲೀಫ, ಹುಸೇನರ ಅಪ್ಪ ಅಲಿ, ಇನ್ನೊಂದು ಕಡೆ ಪ್ರವಾದಿಯ ಪತ್ನಿ ಆಯಿಶಾ. 657ರಲ್ಲಿ ಯೂಫ್ರೆಟಿಸ್ ನದಿ ದಂಡೆಯ ಸಿಫ್ಫೀನ್‌ನಲ್ಲಿ ಅಲಿ ಮತ್ತು ಸಿರಿಯಾದ ರಾಜ್ಯಪಾಲ ಮುಆವಿಯಾ ಎದುರಾದರು.

ನೀವು ಕೇಳಿದ "ನಾನು ಬರಲ್ಲ" ಅಂದವರು ಇಲ್ಲಿ ಕಾಣುತ್ತಾರೆ. ಸಅದ್ ಇಬ್ನ್ ಅಬೀ ವಖ್ಖಾಸ್ ಅಂತ ಒಬ್ಬರು, ಕಾದಿಸಿಯ್ಯಾದಲ್ಲಿ ಪರ್ಶಿಯಾದ ಸೈನ್ಯವನ್ನು ಸೋಲಿಸಿದ ದಂಡನಾಯಕ. ಯುದ್ಧ ಅಂದರೆ ಹೆದರುವ ಆಸಾಮಿಯೇ ಅಲ್ಲ. ಅವರನ್ನು ಕರೆದಾಗ, ಎರಡು ಕಣ್ಣು, ಒಂದು ನಾಲಗೆ, ಎರಡು ತುಟಿ ಇರುವ ಕತ್ತಿ ತಂದುಕೊಡಿ, ಇವನು ವಿಶ್ವಾಸಿ ಇವನಲ್ಲ ಎಂದು ಅದೇ ಹೇಳಲಿ, ಆಗ ಬರುತ್ತೇನೆ ಅಂದರು. ಉಹ್‌ಬಾನ್ ಎಂಬ ಇನ್ನೊಬ್ಬರು ಅಲಿ ಅವರೆದುರು ಮರದ ಕತ್ತಿ ತೋರಿಸಿ, ಜನ ಒಡೆದುಹೋದಾಗ ಇದನ್ನು ಹಿಡಿ ಎಂದು ಪ್ರವಾದಿಯೇ ಹೇಳಿದ್ದರು, ಬೇಕಾದರೆ ಇದನ್ನು ಹಿಡಿದು ಬರುತ್ತೇನೆ ಅಂದರು.

ಪ್ರವಾದಿಯ ಸಂಗಡಿಗ ಉಸಾಮಾ ಅವರದ್ದು ಇನ್ನೂ ಗಾಢ. ಇವರು ಹುಡುಗನಾಗಿದ್ದಾಗ ಒಂದು ದಾಳಿಯಲ್ಲಿ ಶತ್ರುವೊಬ್ಬ ಕತ್ತಿ ಮೇಲೆ ಬರುವ ಹೊತ್ತಿಗೆ ಕಲಿಮಾ, ಅಂದರೆ ಇಸ್ಲಾಮಿಗೆ ಸೇರುವ ನುಡಿ, ಹೇಳಿಬಿಟ್ಟ. ಇವರು ಕೊಂದೇ ಬಿಟ್ಟರು. ಪ್ರಾಣಭಯಕ್ಕೆ ಹೇಳಿದ ಸ್ವಾಮಿ ಎಂದು ಸಮಜಾಯಿಷಿ ಕೊಟ್ಟರೆ ಪ್ರವಾದಿ, ನೀನು ಅವನ ಎದೆ ಸೀಳಿ ನೋಡಿದೆಯಾ ಎಂದು ಮತ್ತೆ ಮತ್ತೆ ಕೇಳಿದರು. ಆ ಮಾತು ಜೀವಮಾನವಿಡೀ ಅವರನ್ನು ಬಿಡಲಿಲ್ಲ. ಅಲಿ ಕರೆದಾಗ ಉಸಾಮಾ ಹೇಳಿ ಕಳಿಸಿದ್ದು: ನೀವು ಸಿಂಹದ ಬಾಯೊಳಗಿದ್ದರೂ ನಾನು ನಿಮ್ಮ ಜೊತೆ ಇರಲು ಬಯಸುತ್ತೇನೆ, ಆದರೆ ಈ ವಿಷಯಕ್ಕೆ ಮಾತ್ರ ಬರಲಾರೆ.

ತುಂಗಾ_ದಂಡೆ

ಚೆನ್ನಾಗಿ ಬರೆದಿದ್ದೀರಿ, ಆದರೆ ಒಂದು ಮಾತು ಕೇಳಲೇಬೇಕು. ಇದೆಲ್ಲ ಮುಸ್ಲಿಮರು ಮುಸ್ಲಿಮರನ್ನು ಕೊಲ್ಲುವ ಬಗ್ಗೆ ಆದ ಸಂಕಟ. ಹೊರಗಿನವರ ಮಾತೇನು? 627ರಲ್ಲಿ ಮದೀನಾದ ಬನೂ ಕುರೈಜಾ ಎಂಬ ಯಹೂದಿ ಕುಲ ಶರಣಾದ ಮೇಲೆ ಗಂಡಸರನ್ನೆಲ್ಲ ಕೊಂದು ಹೆಂಗಸರು ಮಕ್ಕಳನ್ನು ಸೆರೆಯಾಳು ಮಾಡಿಕೊಂಡರು. ಇದನ್ನು ಬರೆದವನು ಶತ್ರುವಲ್ಲ, ಪ್ರವಾದಿಯ ಜೀವನಚರಿತ್ರೆ ಬರೆದ ಇಬ್ನ್ ಇಸ್ಹಾಕ್. 600ರಿಂದ 700 ಜನ, ಕೆಲವರ ಪ್ರಕಾರ 800, 900 ಎಂದು ಅವನೇ ಹೇಳುತ್ತಾನೆ. ಆಮೇಲೆ ಕೆಲವೇ ವರ್ಷಗಳಲ್ಲಿ ಸಿರಿಯಾ, ಇರಾಕ್, ಈಜಿಪ್ಟ್, ಪರ್ಶಿಯಾ ಎಲ್ಲ ಕತ್ತಿಯಿಂದಲೇ ಬಂದದ್ದು. ಸಅದ್ ಪರ್ಶಿಯಾದವರ ಮೇಲೆ ಹೋದಾಗ ಮಾತಾಡುವ ಕತ್ತಿ ಬೇಕು ಅನ್ನಲಿಲ್ಲವಲ್ಲ. ನಾನು ಜಗಳಕ್ಕೆ ಹೇಳುತ್ತಿಲ್ಲ. ಇದನ್ನು ಬಿಟ್ಟು ಮಾತಾಡಿದರೆ ಅರ್ಧ ಚಿತ್ರ ಆಗುತ್ತದೆ, ಅಷ್ಟೇ.

ಷರೀಫ್_ಸಾಬರ_ಮೊಮ್ಮಗ

ತುಂಗಾ ದಂಡೆಯವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ನಾನು ಮುಸ್ಲಿಮ, ಮದ್ರಸಾದಲ್ಲಿ ಫಿಕ್ಹ್, ಅಂದರೆ ಇಸ್ಲಾಮಿನ ಕಾನೂನು, ಓದಿದವನು. ಅದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ.

ಬನೂ ಕುರೈಜಾ ವಿಷಯ ನಮ್ಮ ಪುಸ್ತಕಗಳಲ್ಲೇ ಇದೆ. ಮಕ್ಕಾದವರು ಮದೀನಾಕ್ಕೆ ಮುತ್ತಿಗೆ ಹಾಕಿದ ಕಂದಕ ಯುದ್ಧದ ಹೊತ್ತಲ್ಲಿ ಆ ಕುಲ ಒಪ್ಪಂದ ಮುರಿಯಿತು ಎಂಬುದು ಆರೋಪ. ತೀರ್ಪು ಕೊಟ್ಟವರು ಅವರದೇ ಹಳೆಯ ಮಿತ್ರಕುಲದ ಮುಖಂಡ, ಅದೇ ಯುದ್ಧದಲ್ಲಿ ಗಾಯಗೊಂಡಿದ್ದ ಸಅದ್ ಇಬ್ನ್ ಮುಆದ್. ಮೇಲೆ ಹೇಳಿದ ಸಅದ್ ಬೇರೆ, ಇವರು ಬೇರೆ. ಸಂಖ್ಯೆ ಅಷ್ಟಿರಲಿಕ್ಕಿಲ್ಲ ಎನ್ನುವ ವಿದ್ವಾಂಸರು ಇದ್ದಾರೆ. ಇವೆಲ್ಲ ನಡೆದು ನೂರಕ್ಕೂ ಹೆಚ್ಚು ವರ್ಷ ಆದ ಮೇಲೆ ಬರೆದವು ಎಂಬುದೂ ನಿಜ, ಇಬ್ನ್ ಇಸ್ಹಾಕ್ ತೀರಿಕೊಂಡದ್ದು 767ರಲ್ಲಿ. ಆದರೂ ಅದನ್ನು ಓದುವಾಗ ನನಗೆ ಸಲೀಸಾಗಿ ಮುಂದಕ್ಕೆ ಹೋಗಲು ಆಗುವುದಿಲ್ಲ, ಸುಮ್ನೆ ಯಾಕೆ ಸುಳ್ಳು ಹೇಳಲಿ.

ಹೊರಗಿನವರ ಜೊತೆ ಯುದ್ಧ ಮಾಡುವುದೇ ತಪ್ಪು ಎಂದ ಗುಂಪು ಆ ಕಾಲದಲ್ಲಿ ಹೆಚ್ಚು ಕಾಣುವುದಿಲ್ಲ. ಬೈಝಾಂಟಿಯನ್ನರಲ್ಲೂ ಪರ್ಶಿಯಾದವರಲ್ಲೂ ಹಾಗೆ ಯೋಚಿಸಿದವರು ಕಡಿಮೆಯೇ, ಆ ಎರಡು ಸಾಮ್ರಾಜ್ಯಗಳು 602ರಿಂದ 628ರವರೆಗೆ ಒಂದನ್ನೊಂದು ಸುಟ್ಟುಕೊಂಡಿದ್ದವು. ಆದರೆ ಮಕ್ಕಾದ ಅತಾ ಮತ್ತು ಕೂಫಾದ ಸುಫ್ಯಾನ್ ಸೌರಿಯಂಥ ದೊಡ್ಡ ಪಂಡಿತರು, ಹೊರಗಿನವರು ಮೇಲೆ ಬೀಳದ ಹೊರತು ಯುದ್ಧ ಕಡ್ಡಾಯವಲ್ಲ ಎಂಬ ನಿಲುವು ಇಟ್ಟುಕೊಂಡಿದ್ದರು ಎಂದು ದಾಖಲಾಗಿದೆ. ಗಡಿಯಲ್ಲಿ ಕೂತು ಹೋರಾಡುವುದೇ ದೊಡ್ಡ ಇಬಾದತ್ (ಆರಾಧನೆ) ಎಂದು ಪುಸ್ತಕ ಬರೆದ ಇಬ್ನುಲ್ ಮುಬಾರಕ್ ಅವರೂ ಅದೇ ಕಾಲದವರು. ಎರಡೂ ಇತ್ತು.

ಜಾಸ್ತಿ ಚರ್ಚೆ ನಡೆದದ್ದು ಯುದ್ಧದಲ್ಲಿ ಏನು ಮಾಡಬಾರದು ಎಂಬುದರ ಮೇಲೆ. ಮೊದಲ ಖಲೀಫ ಅಬೂಬಕ್ಕರ್ ಸಿರಿಯಾಕ್ಕೆ ಹೊರಟ ದಂಡಿಗೆ ಹತ್ತು ಮಾತು ಹೇಳಿದ್ದು ಇಮಾಮ್ ಮಾಲಿಕರ ಮುವತ್ತಾ ಎಂಬ ಹದೀಸ್ ಗ್ರಂಥದಲ್ಲಿದೆ: ಹೆಂಗಸರನ್ನು, ಮಕ್ಕಳನ್ನು, ಮುದುಕರನ್ನು ಕೊಲ್ಲಬೇಡಿ, ಹಣ್ಣಿನ ಮರ ಕಡಿಯಬೇಡಿ, ಜನ ಇರುವ ಊರು ಹಾಳುಮಾಡಬೇಡಿ, ತಿನ್ನಲು ಬೇಕಾದದ್ದು ಬಿಟ್ಟು ಕುರಿ ಒಂಟೆ ಕಡಿಯಬೇಡಿ. ಇದನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆದರೆ ಇದರ ಮೇಲೂ ವಾದ ನಡೆದದ್ದನ್ನು ಯಾರೂ ಹೇಳುವುದಿಲ್ಲ. ಪ್ರವಾದಿಯವರು(ಸ) ಬನೂ ನದೀರ್ ಕುಲದ ಖರ್ಜೂರದ ಮರ ಕಡಿಸಿದ್ದು ಇದೆಯಲ್ಲ, ಹಾಗಾದರೆ ಕಡಿಯಬಹುದು ಅಂತ ಕೂಫಾದ ಅಬೂ ಹನೀಫಾ ಅವರ ಶಿಷ್ಯರು. ಆಗದು, ಅಬೂಬಕ್ಕರ್ ಹೇಳಿದ್ದೇ ಸರಿ ಅಂತ ಸಿರಿಯಾದ ಔಝಾಈ. ಶತ್ರುಗಳು ಕೋಟೆ ಗೋಡೆಯ ಮೇಲೆ ಮುಸ್ಲಿಮರ ಮಕ್ಕಳನ್ನೇ ಅಡ್ಡ ನಿಲ್ಲಿಸಿಕೊಂಡರೆ ಬಾಣ ಬಿಡಬಹುದಾ? ಶತ್ರುವಿಗೆ ಗುರಿಯಿಟ್ಟು ಬಿಡಬಹುದು ಎಂದರು ಕೂಫಾದವರು. ಔಝಾಈ ಬೇಡವೇ ಬೇಡ ಎಂದರು.

ಈ ಔಝಾಈ ಬಗ್ಗೆ ಇನ್ನೊಂದು ಹೇಳದೆ ಇರಲಾರೆ. ಬೈರೂತ್‌ನಲ್ಲಿದ್ದವರು, 774ರಲ್ಲಿ ತೀರಿಕೊಂಡರು. ಲೆಬನಾನ್ ಬೆಟ್ಟದ ಕ್ರೈಸ್ತರಲ್ಲಿ ಕೆಲವರು ತೆರಿಗೆ ವಿಷಯಕ್ಕೆ ದಂಗೆ ಎದ್ದರು. ಅಬ್ಬಾಸಿ ರಾಜ್ಯಪಾಲ ಸಾಲಿಹ್ ಇಬ್ನ್ ಅಲಿ ದಂಗೆಕೋರರನ್ನು ಕೊಂದು, ದಂಗೆಗೆ ಸೇರದಿದ್ದ ಹಳ್ಳಿಯವರನ್ನೂ ಮನೆ ಬಿಡಿಸಿ ಓಡಿಸಿದ. ಔಝಾಈ ಅವನಿಗೇ ಕಾಗದ ಬರೆದರು. ಕೆಲವರ ತಪ್ಪಿಗೆ ಎಲ್ಲರನ್ನೂ ಹೇಗೆ ಶಿಕ್ಷಿಸುತ್ತೀಯ, ಒಬ್ಬನ ಹೊರೆ ಇನ್ನೊಬ್ಬ ಹೊರುವುದಿಲ್ಲ ಎಂದು ಅಲ್ಲಾಹನೇ ಹೇಳಿಲ್ಲವಾ, ಇವರು ಒಪ್ಪಂದದಲ್ಲಿರುವ ಸ್ವತಂತ್ರ ಜನ, ನಿನ್ನ ಗುಲಾಮರಲ್ಲ ಅಂತ. ಇತಿಹಾಸಕಾರ ಬಲಾಧುರಿ ಆ ಕಾಗದವನ್ನು ದಾಖಲಿಸಿದ್ದಾನೆ. ಅರಬ್ಬಿ ಓದುಗರು ಮೇಲೆ ಹೇಳಿದ ಕುಲದ ಸೇಡಿನ ಪದ್ಧತಿಗೆ ಕೊಟ್ಟ ಉತ್ತರ ಇಲ್ಲಿ ಹೊರಗಿನವರಿಗೂ ತಲುಪಿತು ನೋಡಿ.

ಮಸ್ಕತ್_ಕನ್ನಡಿಗ

ನಾನು ಹಲವು ವರ್ಷದಿಂದ ಮಸ್ಕತ್‌ನಲ್ಲಿ ಕೆಲಸದಲ್ಲಿದ್ದೇನೆ, ಊರು ಉಡುಪಿ ಕಡೆ. ಇಲ್ಲಿ ಒಮಾನಿಗಳಲ್ಲಿ ತುಂಬಾ ಜನ ಸುನ್ನಿಯೂ ಅಲ್ಲ ಶಿಯಾವೂ ಅಲ್ಲ, ಇಬಾದಿ ಪಂಥದವರು. ಇವರ ಬೇರು ಹುಡುಕಿಕೊಂಡು ಹೋದರೆ ನೀವು ಮಾತಾಡುತ್ತಿರುವ ಸಿಫ್ಫೀನ್‌ಗೇ ಹೋಗಿ ಮುಟ್ಟುತ್ತದೆ. ಅದಕ್ಕೇ ಬರೆಯಬೇಕು ಅನ್ನಿಸಿತು.

ಸಿಫ್ಫೀನ್‌ನಲ್ಲಿ ಈಟಿ ತುದಿಗೆ ಕುರ್‌ಆನ್ ಹಾಳೆ ಕಟ್ಟಿ ಎತ್ತಿ, ಪಂಚಾಯ್ತಿ ಮಾಡೋಣ ಎಂದು ಮುಆವಿಯಾ ಕಡೆಯವರು ಕೇಳಿದರು. ಅಲಿ ಒಪ್ಪಿದರು. ಅವರದೇ ಸೈನ್ಯದ ಒಂದು ಗುಂಪು, ತೀರ್ಪು ಕೊಡುವುದು ದೇವರೊಬ್ಬನೇ, ಮನುಷ್ಯರ ಪಂಚಾಯ್ತಿ ಒಪ್ಪಿದ್ದೇ ಪಾಪ ಎಂದು ಹೊರಗೆ ಹೋಯಿತು. ಹೊರಟವರು, ಅದಕ್ಕೇ ಖವಾರಿಜ್. ಅಲಿ ಹೇಳಿದ ಮಾತು ಪ್ರಸಿದ್ಧ: ಮಾತು ಸತ್ಯ, ಅದರಿಂದ ಸಾಧಿಸಲು ಹೊರಟಿರುವುದು ಸುಳ್ಳು. ಆದರೂ ಅವರನ್ನು ಮಸೀದಿಗೆ ಬರದಂತೆ ತಡೆಯುವುದಿಲ್ಲ, ಅವರ ಪಾಲಿನ ಹಣ ನಿಲ್ಲಿಸುವುದಿಲ್ಲ, ಅವರಾಗಿ ಕೈ ಎತ್ತುವವರೆಗೆ ನಾವು ಎತ್ತುವುದಿಲ್ಲ ಅಂದರು. ಪ್ರವಾದಿಯ ದಾಯಾದಿ ಇಬ್ನ್ ಅಬ್ಬಾಸ್ ಹೋಗಿ ಮಾತಾಡಿ ಎಷ್ಟೋ ಜನರನ್ನು ವಾಪಸ್ ಕರೆತಂದರು. ಉಳಿದವರು ಅಬ್ದುಲ್ಲಾ ಇಬ್ನ್ ಖಬ್ಬಾಬ್ ಎಂಬವರನ್ನು ಹಿಡಿದು ಅಲಿ ಬಗ್ಗೆ ಏನು ಹೇಳುತ್ತೀ ಎಂದು ಕೇಳಿ, ಒಳ್ಳೆಯದು ಹೇಳಿದ್ದಕ್ಕೆ ಕೊಂದರು, ಅವರ ಬಸುರಿ ಹೆಂಡತಿಯನ್ನೂ ಕೊಂದರು. ಅದೇ ಜನ ಅದೇ ದಾರಿಯಲ್ಲಿ ಬೇರೆಯವರ ತೋಟದ ಒಂದು ಖರ್ಜೂರ ಬಾಯಿಗೆ ಹಾಕಿಕೊಂಡವನನ್ನು ಗದರಿಸಿ ಉಗುಳಿಸಿದ್ದರಂತೆ. 658ರಲ್ಲಿ ನಹ್ರವಾನ್‌ನಲ್ಲಿ ಅಲಿ ಅವರ ಮೇಲೆ ಯುದ್ಧ ಮಾಡಿ ಸೋತರು. 661ರಲ್ಲಿ ಅದೇ ಗುಂಪಿನ ಇಬ್ನ್ ಮುಲ್ಜಮ್ ಕೂಫಾದ ಮಸೀದಿಯಲ್ಲಿ ಅಲಿ ಅವರನ್ನು ಹೊಡೆದ. ಸಾಯುವ ಮುಂಚೆ ಅಲಿ ಮನೆಯವರಿಗೆ ಹೇಳಿದ್ದು, ನನ್ನ ಹೆಸರಲ್ಲಿ ಊರವರ ರಕ್ತ ಹರಿಸಬೇಡಿ, ಅವನೊಬ್ಬನೇ ಹೊಣೆ, ಒಂದು ಏಟಿಗೆ ಒಂದೇ ಏಟು, ಹೆಣ ಕುಯ್ಯಬೇಡಿ ಎಂದು. ಉಬೈದುಲ್ಲಾ ಮಾಡಿದ್ದನ್ನು ನೆನೆಸಿಕೊಂಡು ಈ ಮಾತು ಓದಬೇಕು.

ಆಮೇಲೆ ಖವಾರಿಜರೇ ಒಡೆದರು. ನಾಫಿ ಇಬ್ನುಲ್ ಅಝ್ರಕ್ ಹಿಂದೆ ಹೋದವರು, ನಮ್ಮನ್ನು ಒಪ್ಪದ ಮುಸ್ಲಿಮರೆಲ್ಲ ಧರ್ಮ ಬಿಟ್ಟವರು, ಅವರ ಮಕ್ಕಳನ್ನೂ ಕೊಲ್ಲಬಹುದು ಎನ್ನುವವರೆಗೆ ಮುಟ್ಟಿದರು. ಬಸ್ರಾದಲ್ಲೇ ಉಳಿದ ಇನ್ನೊಂದು ಗುಂಪು ಇದನ್ನು ಸಾರಾಸಗಟಾಗಿ ತಿರಸ್ಕರಿಸಿತು. ಅವರ ದೊಡ್ಡ ಪಂಡಿತ ಜಾಬಿರ್ ಇಬ್ನ್ ಝೈದ್, ಒಮಾನಿನ ನಿಝ್ವಾ ಕಡೆಯವರು. ಬೇರೆ ಮುಸ್ಲಿಮರು ನಮ್ಮ ಲೆಕ್ಕದಲ್ಲಿ ತಪ್ಪಿರಬಹುದು, ಆದರೆ ಅವರ ಜೀವ, ಆಸ್ತಿ, ಮನೆಯ ಹೆಂಗಸರನ್ನು ಮುಟ್ಟುವ ಹಾಗಿಲ್ಲ, ಅವರ ಜೊತೆ ಮದುವೆ ಸಂಬಂಧವೂ ಆಗಬಹುದು ಎಂದರು. ಇವರೇ ಇಬಾದಿಗಳು. ಇವತ್ತು ಅವರನ್ನು ಖವಾರಿಜ್ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ, ನನಗೆ ಅದು ಸರಿ ಅನ್ನಿಸುತ್ತದೆ. ಒಂದೇ ಸೋಲು, ಒಂದೇ ಸಿಟ್ಟಿನಿಂದ ಹೊರಟವರು ಇಷ್ಟು ದೂರದ ಎರಡು ದಡ ಸೇರಿದ್ದಾರೆ.

ರಾಯಚೂರು_ಬಿಸಿಲು

ಎಲ್ಲರಿಗೂ ಶರಣು. ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಆದರೆ ಓದುತ್ತಾ ಓದುತ್ತಾ ಒಂದು ಸಂಕಟ ಶುರುವಾಗಿದೆ. ಸಅದ್, ಉಸಾಮಾ, ಇಬ್ನ್ ಉಮರ್ ಥರ ಎಲ್ಲರೂ ದೂರ ನಿಂತರೆ ಗೆಲ್ಲುವುದು ಯಾರು? ಕತ್ತಿ ಕೆಳಗಿಡದವನೇ ಅಲ್ವಾ? ಕರ್ಬಲಾದಲ್ಲಿ ಹುಸೇನರ ಜೊತೆ 72 ಜನ ಮಾತ್ರ ಉಳಿದದ್ದು ಎಲ್ಲರೂ ದೂರ ನಿಂತದ್ದರಿಂದಲೇ ತಾನೇ. ನಮ್ಮಜ್ಜ ಅತ್ತದ್ದು ಅದಕ್ಕೇ ಅನ್ನಿಸುತ್ತಿದೆ.

ಅರಬ್ಬಿ_ಓದುಗ

ಈ ಸಂಕಟ ಅವರಿಗೂ ಇತ್ತು. ಹುಸೇನರಿಗೆ ಕಾಗದ ಬರೆದು ಕರೆಸಿ ಆಮೇಲೆ ಮನೆ ಬಾಗಿಲು ಹಾಕಿಕೊಂಡ ಕೂಫಾದವರಲ್ಲಿ ಕೆಲವರು ನಾಲ್ಕು ವರ್ಷ ಆದ ಮೇಲೆ ಒಟ್ಟಾದರು. ತವ್ವಾಬೂನ್, ಅಂದರೆ ಪಶ್ಚಾತ್ತಾಪ ಪಟ್ಟವರು. ಮುಖಂಡ ಸುಲೈಮಾನ್ ಇಬ್ನ್ ಸುರದ್ ವಯಸ್ಸಾದ ಮನುಷ್ಯ. ಮೊದಲು ಕರ್ಬಲಾಕ್ಕೆ ಹೋಗಿ ಗೋರಿಯ ಮೇಲೆ ಬಿದ್ದು ಅತ್ತರು, ಅಲ್ಲಿಂದ ಉತ್ತರಕ್ಕೆ ನಡೆದು 685ರಲ್ಲಿ ಐನುಲ್ ವರ್ದಾ ಎಂಬಲ್ಲಿ ಸಿರಿಯಾದ ದೊಡ್ಡ ಸೈನ್ಯದ ಎದುರು ಹೆಚ್ಚಿನವರು ಸತ್ತರು. ಗೆಲ್ಲುವ ಲೆಕ್ಕವೇ ಇರಲಿಲ್ಲ ಅವರಲ್ಲಿ.

ಮುಂದೆ ಇರಾಕಿಗೆ ಹಜ್ಜಾಜ್ ರಾಜ್ಯಪಾಲನಾಗಿ ಬಂದ. ಅವನ ದಬ್ಬಾಳಿಕೆ ತಡೆಯದೆ ಇಬ್ನುಲ್ ಅಶ್ಅಸ್ ಎಂಬ ಸೇನಾಪತಿ ದಂಗೆ ಎದ್ದಾಗ ಕುರ್‌ಆನ್ ಓದುವ ಪಂಡಿತರೇ ಗುಂಪು ಗುಂಪಾಗಿ ಅವನ ಜೊತೆ ಹೋದರು. ಬಸ್ರಾದ ಹಸನ್ ಬಸ್ರಿ ಮಾತ್ರ ಬೇಡ ಅಂದರು. ಹಜ್ಜಾಜ್ ದೇವರು ಕಳಿಸಿದ ಶಿಕ್ಷೆಯಾಗಿದ್ದರೆ ಅದನ್ನು ನಿಮ್ಮ ಕತ್ತಿಯಿಂದ ತಳ್ಳಲು ಆಗುವುದಿಲ್ಲ, ತಗ್ಗಿ ಬೇಡಿಕೊಳ್ಳಿ ಎಂದರು. ಹಾಗಂತ ಅವರು ಹಜ್ಜಾಜನನ್ನು ಹೊಗಳಿದವರಲ್ಲ, ಅವನ ಕಣ್ಣಿಗೆ ಬೀಳದಂತೆ ವರ್ಷಗಟ್ಟಲೆ ಅಡಗಿ ಬದುಕಿದವರು. ದಂಗೆ ಸೋತಿತು, ಸಾವಿರಾರು ಜನ ಸತ್ತರು. ಇಂಥ ಸೋಲುಗಳನ್ನು ಕಂಡು ಕಂಡೇ, ಕೆಟ್ಟ ದೊರೆಯಾದರೂ ಸಹಿಸಿಕೊಳ್ಳಿ, ರಕ್ತ ಬೇಡ ಎಂಬ ನಿಲುವು ಮುಂದೆ ಸುನ್ನಿ ಪಂಡಿತರಲ್ಲಿ ಗಟ್ಟಿಯಾಯಿತು. ಅದರ ಲಾಭ ದೊರೆಗಳಿಗೇ ಆಯಿತು ಎನ್ನುವುದೂ ನಿಜ, ನನಗೆ ಇದರಲ್ಲಿ ಸಮಾಧಾನ ಇಲ್ಲ.

ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ, ಬುಖಾರಿಯಲ್ಲೇ ಇರುವ ಇನ್ನೊಂದು ಪ್ರಸಂಗ ಮಾತ್ರ ಹೇಳುತ್ತೇನೆ. ನೊಣದ ಮಾತು ಹೇಳಿದ ಇಬ್ನ್ ಉಮರ್ ಇದ್ದರಲ್ಲ, ಯಾವ ಫಿತ್ನಾದಲ್ಲೂ ಕತ್ತಿ ಹಿಡಿಯದವರು. ಮುದುಕರಾಗಿದ್ದಾಗ ಹಜ್‌ಗೆ ಹೋಗಿದ್ದರು. ಮಕ್ಕಾ ಹತ್ತಿರದ ಮಿನಾದ ಜನಸಂದಣಿಯಲ್ಲಿ ಯಾರದೋ ಈಟಿಯ ಮೊನೆ ಅವರ ಅಂಗಾಲಿಗೆ ಹೊಕ್ಕು, ಕಾಲು ಸವಾರಿಯ ರಿಕಾಪಿಗೆ ಅಂಟಿಕೊಂಡುಬಿಟ್ಟಿತು. ಹಜ್ಜಾಜ್ ನೋಡಲು ಬಂದ. ಹೊಡೆದವನು ಯಾರೆಂದು ಗೊತ್ತಾಗಿದ್ದರೆ ಎಂದ. ನೀನೇ ಹೊಡೆದದ್ದು ಎಂದರು ಇಬ್ನ್ ಉಮರ್, ಆಯುಧ ಹಿಡಿಯಬಾರದ ದಿನ ಹಿಡಿಸಿದವನು ನೀನು, ಆಯುಧ ತರಬಾರದ ಪವಿತ್ರ ಕ್ಷೇತ್ರ ಹರಮ್‌ನೊಳಗೆ ತಂದವನು ನೀನು. ಆ ಗಾಯದಿಂದಲೇ ತೀರಿಕೊಂಡರು.

ಅವತ್ತು ಇಳಿದು ಅವರ ಕಾಲಿನಿಂದ ಆ ಮೊನೆ ಕಿತ್ತವರು ಸಈದ್ ಇಬ್ನ್ ಜುಬೈರ್, ಈ ಪ್ರಸಂಗ ನಮಗೆ ಹೇಳಿದವರೂ ಅವರೇ. ಕೆಲವೇ ವರ್ಷಕ್ಕೆ ಅದೇ ಸಈದ್ ಇಬ್ನುಲ್ ಅಶ್ಅಸ್ ಜೊತೆ ಹಜ್ಜಾಜನ ವಿರುದ್ಧ ನಿಂತರು. ಸೋತು ಎಷ್ಟೋ ಕಾಲ ತಲೆಮರೆಸಿಕೊಂಡಿದ್ದು ಕೊನೆಗೆ ಸಿಕ್ಕಿಬಿದ್ದರು, ಹಜ್ಜಾಜ್ ಅವರ ತಲೆ ತೆಗೆಸಿದ.